ವನ್ಯಜೀವಿ ರಕ್ಷಣೆ ಮತ್ತು ಪುನರ್ವಸತಿ

ಗಾಯಗೊಂಡ, ಕಾಯಿಲೆ ಬಿದ್ದ, ತಾಯಿಯನ್ನು ಕಳೆದುಕೊಂಡ ಅಥವಾ ಕಳ್ಳಸಾಗಣೆಗಾರರ ಕೈಯಿಂದ ಬಿಡಿಸಿ ತಂದ ಕಾಡುಪ್ರಾಣಿ, ಹಕ್ಕಿ, ಉರಗಗಳಿಗೆ ಚಿಕಿತ್ಸೆ ಕೊಟ್ಟು, ತಮ್ಮ ಆಹಾರವನ್ನು ತಾವೇ ಹುಡುಕಿಕೊಳ್ಳುವ ಶಕ್ತಿ ಬಂದ ಮೇಲೆ ಅವುಗಳ ನೆಲೆಗೇ ಮರಳಿ ಬಿಡುವ ಕೆಲಸವನ್ನು ವನ್ಯಜೀವಿ ಪುನರ್ವಸತಿ ಎನ್ನುತ್ತಾರೆ. ಸಾಕುಪ್ರಾಣಿ ಗುಣವಾದ ಮೇಲೆ ಒಡೆಯನ ಮನೆಗೆ ಹೋಗುತ್ತದೆ. ಮೃಗಾಲಯದ ಪ್ರಾಣಿ ಬೇಲಿಯೊಳಗೇ ಬಾಳುತ್ತದೆ. ಇಲ್ಲಿ ಗುಣವಾದ ಜೀವಿ ಮನುಷ್ಯನನ್ನು ಕಂಡರೆ ದೂರ ಸರಿಯಬೇಕು, ಬೇಟೆಯಾಡಬೇಕು ಅಥವಾ ಮೇಯಬೇಕು, ತನ್ನ ಜಾತಿಯೊಡನೆ ಬೆರೆತು ಮರಿ ಹಾಕಬೇಕು. ಆದ್ದರಿಂದ ಒಂದು ಕೇಂದ್ರ ವರ್ಷಕ್ಕೆ ಎಷ್ಟು ಪ್ರಾಣಿಗಳನ್ನು ತಂದಿತು ಎಂಬ ಲೆಕ್ಕದಿಂದ ಅದರ ಕೆಲಸವನ್ನು ಅಳೆಯಲಾಗದು. ಹೊರಗೆ ಬಿಟ್ಟವುಗಳಲ್ಲಿ ಎಷ್ಟು ಬದುಕಿ ಉಳಿದವು ಎಂಬುದೇ ನಿಜವಾದ ಲೆಕ್ಕ.

ಕಾಡಿನ ಜೀವಿಗಳಿಗೆ ಶುಶ್ರೂಷೆ ಮಾಡುವುದು ಹೊಸ ಸಂಗತಿಯಲ್ಲ. ರಾಜಸ್ಥಾನದ ಬಿಷ್ಣೋಯಿಗಳು ತಬ್ಬಲಿ ಕೃಷ್ಣಮೃಗದ ಮರಿಗಳನ್ನು ತಲೆಮಾರುಗಳಿಂದ ಮನೆಯಂಗಳದಲ್ಲಿ ಸಾಕಿ ದೊಡ್ಡದು ಮಾಡಿದ್ದಾರೆ. ಅದು ವಿಜ್ಞಾನದ ಶಿಸ್ತಿಗೆ ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಆಸ್ಟ್ರೇಲಿಯಾದ ಪೋರ್ಟ್ ಮ್ಯಾಕ್ವಾರಿಯಲ್ಲಿ 1973ರಲ್ಲಿ ಕೋಲಾಗಳಿಗೆಂದೇ ಆಸ್ಪತ್ರೆ ಆರಂಭವಾಯಿತು. ಕೀನ್ಯಾದಲ್ಲಿ ಡಾಫ್ನಿ ಶೆಲ್ಡ್ರಿಕ್ ಹಾಲು ಕುಡಿಯುವ ಆನೆಮರಿಗಳನ್ನು ಉಳಿಸುವ ದಾರಿಯನ್ನು ಹಲವು ವರ್ಷಗಳ ಪ್ರಯತ್ನದಿಂದ ಕಂಡುಕೊಂಡರು. ಆನೆಮರಿಗೆ ಹಸುವಿನ ಹಾಲಿನ ಕೊಬ್ಬು ಒಗ್ಗುವುದಿಲ್ಲ. ಅದಕ್ಕೆ ಬದಲಾಗಿ ತೆಂಗಿನೆಣ್ಣೆಯ ಕೊಬ್ಬು ಬೆರೆಸಿದ ಹಾಲು ಒಗ್ಗಿತು. 1977ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆ ಇಂದಿಗೂ ತಬ್ಬಲಿ ಆನೆಮರಿಗಳನ್ನು ಬೆಳೆಸಿ ತ್ಸಾವೊ ಕಾಡಿನ ಹಿಂಡುಗಳಿಗೆ ಸೇರಿಸುತ್ತಿದೆ. ಶ್ರೀಲಂಕಾದ ಉಡವಲವೆಯಲ್ಲಿ 1995ರಿಂದ ಇದೇ ಕೆಲಸ ನಡೆಯುತ್ತಿದೆ. ಅಲ್ಲಿ ಮರಿಗಳಿಗೆ ಹಾಲು ಕೊಡುವ ಹೊತ್ತಿನ ಹೊರತು ಮನುಷ್ಯರ ಒಡನಾಟ ತೀರ ಕಡಿಮೆ.

ಪೆಟ್ಟು ಬೀಳುವ ಬಗೆ

ಪುನರ್ವಸತಿ ಕೇಂದ್ರಕ್ಕೆ ಬರುವ ಪ್ರಾಣಿಗಳ ಗಾಯದ ಹಿಂದೆ ಬಹುಮಟ್ಟಿಗೆ ಮನುಷ್ಯನ ಕೈ ಇರುತ್ತದೆ. ದಕ್ಷಿಣ ಕರ್ನಾಟಕದ ಹೊಲಗಳ ಅಂಚಿನಲ್ಲಿ ಕಾಡುಹಂದಿಗೆಂದು ಬೈಕಿನ ಕ್ಲಚ್ ತಂತಿಯ ಉರುಳು ಒಡ್ಡುತ್ತಾರೆ. ಅದಕ್ಕೆ ಚಿರತೆ, ಕರಡಿ, ಕೆಲವೊಮ್ಮೆ ಹುಲಿಯೂ ಸಿಕ್ಕಿಬೀಳುತ್ತವೆ. ಸೊಂಟಕ್ಕೆ ಉರುಳು ಬಿಗಿದ ಚಿರತೆ ಬಿಡಿಸಿಕೊಳ್ಳಲು ಎಳೆದಷ್ಟೂ ತಂತಿ ಒಳಗೆ ಇಳಿಯುತ್ತದೆ. ಅರಿವಳಿಕೆ ಕೊಟ್ಟು ತಂತಿ ಕತ್ತರಿಸಿದ ಮೇಲೆ ಚರ್ಮದ ಮೇಲೆ ಒಂದು ಗೆರೆ ಮಾತ್ರ ಕಾಣಬಹುದು. ರಕ್ತ ಹರಿಯದೆ ಸತ್ತ ಮಾಂಸ ಒಳಗೇ ಕೊಳೆಯತೊಡಗಿ ದಿನಗಳ ಮೇಲೆ ಪ್ರಾಣಿ ಸಾಯುವುದುಂಟು. ಉರುಳಿನಿಂದ ಬಿಡಿಸಿದ ಪ್ರಾಣಿಯನ್ನು ಅಂದೇ ಕಾಡಿಗೆ ಬಿಟ್ಟು ಬರುವುದು ಆದ್ದರಿಂದಲೇ ಅಪಾಯದ ನಿರ್ಧಾರ.

ಉಳಿದ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವೇ: ಜೋತುಬಿದ್ದ ವಿದ್ಯುತ್ ತಂತಿ, ಕಟ್ಟೆಯಿಲ್ಲದ ತೆರೆದ ಬಾವಿ, ಬೀದಿನಾಯಿ, ವೇಗದ ವಾಹನ, ಕರಾವಳಿಯಲ್ಲಿ ಕಡಲಾಮೆಯ ರೆಕ್ಕೆಗಾಲಿಗೆ ಸುತ್ತಿಕೊಳ್ಳುವ ಹರಿದ ಮೀನುಬಲೆ, ದೀಪಾವಳಿ ಬಂತೆಂದರೆ ಮಾಟ-ಮಂತ್ರದ ಹೆಸರಿನಲ್ಲಿ ನಡೆಯುವ ಗೂಬೆಗಳ ಮಾರಾಟ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ. ಎಷ್ಟೋ ಆಸ್ಪತ್ರೆಗಳು ಉಳಿಸಲಾರದಷ್ಟು ಜೀವಗಳನ್ನು ಈ ಒಂದು ಆದೇಶ ಉಳಿಸಿದೆ ಎಂದರೆ ಅತಿಶಯೋಕ್ತಿಯಲ್ಲ.

ಕಾನೂನಿನ ಚೌಕಟ್ಟು

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯೇ ಭಾರತದಲ್ಲಿ ಈ ಕೆಲಸದ ಅಡಿಗಲ್ಲು. ಕಾಯ್ದೆಯ 39ನೇ ಕಲಂ ಪ್ರಕಾರ ಹಿಡಿದಿಟ್ಟ ಅಥವಾ ಸತ್ತು ಸಿಕ್ಕ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅಂಥದ್ದು ಯಾರ ಕೈಗೆ ಬಂದರೂ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ದಾರಿಯಲ್ಲಿ ಸಿಕ್ಕ ಗಿಳಿಮರಿಯನ್ನೋ ನಕ್ಷತ್ರ ಆಮೆಯನ್ನೋ ಪ್ರೀತಿಯಿಂದ ಮನೆಯಲ್ಲಿ ಸಾಕಿಕೊಂಡವರು ತಿಳಿಯದೆಯೇ ಕಾನೂನು ಮುರಿದಿರುತ್ತಾರೆ. ರಕ್ಷಣಾ ಕೇಂದ್ರಗಳು ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಪಡೆಯಬೇಕು. ಗುಣವಾಗುವ ಆಸೆಯೇ ಇಲ್ಲದ ಪ್ರಾಣಿಗೆ ದಯಾಮರಣ ಕೊಡುವುದೂ ವೈದ್ಯರೊಬ್ಬರ ಇಚ್ಛೆಗೆ ಬಿಟ್ಟದ್ದಲ್ಲ. ಹುಲಿ, ಆನೆಗಳಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು.

ತಬ್ಬಲಿಯಲ್ಲದ ತಬ್ಬಲಿಗಳು

ಬೇಸಿಗೆಯಲ್ಲಿ ಮರಿಗಳನ್ನು ಹೊತ್ತು ತರುವವರ ಸಂಖ್ಯೆ ಏರುತ್ತದೆ. ತಂದ ಮರಿಗಳಲ್ಲಿ ಅನೇಕವು ತಬ್ಬಲಿಗಳೇ ಅಲ್ಲ. ಮೈತುಂಬ ಗರಿ ಬಂದು, ಗಿಡ್ಡ ಬಾಲ ಅಲ್ಲಾಡಿಸುತ್ತ ನೆಲದ ಮೇಲೆ ಕುಪ್ಪಳಿಸುವ ಹಕ್ಕಿಮರಿ ಹಾರಲು ಕಲಿಯುತ್ತಿರುತ್ತದೆ. ತಂದೆ ತಾಯಿ ಹತ್ತಿರದ ಕೊಂಬೆಯಲ್ಲೇ ಇರುತ್ತವೆ. ಅದನ್ನು ನಾಯಿ ಬೆಕ್ಕುಗಳಿಗೆ ಎಟುಕದ ಪೊದೆಯ ಮೇಲೆ ಕೂರಿಸಿ ದೂರ ಸರಿದರೆ ಸಾಕು. ಗರಿಯಿಲ್ಲದ ಬೆತ್ತಲೆ ಮರಿ ಬಿದ್ದಿದ್ದರೆ ಮಾತ್ರ ಗೂಡಿಗೆ ಹಿಂದಿರುಗಿಸಬೇಕು. ಗೂಡು ಹಾಳಾಗಿದ್ದರೆ ಸಣ್ಣ ಬುಟ್ಟಿಯೊಂದನ್ನು ಅದೇ ಕೊಂಬೆಗೆ ಕಟ್ಟಬಹುದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ತಳ್ಳಿಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅದು ನಿಜವಲ್ಲ. ಆ ಒಂದು ತಪ್ಪು ನಂಬಿಕೆಯಿಂದ ಎಷ್ಟೋ ಮರಿಗಳು ಗೂಡಿಗೆ ಮರಳದೆ ಸತ್ತಿವೆ.

ಅಳಿಲಿನ ಮರಿಯ ವಿಷಯ ಇನ್ನೂ ಸೂಕ್ಷ್ಮ. ಸಿಕ್ಕ ತಕ್ಷಣ ಜನ ಮಾಡುವ ಕೆಲಸವೆಂದರೆ ಹಸುವಿನ ಹಾಲನ್ನು ಇಂಕ್ ಫಿಲ್ಲರಿನಲ್ಲಿ ಬಾಯಿಗೆ ಹಿಂಡುವುದು. ಮೈ ತಣ್ಣಗಿರುವ ಮರಿಗೆ ಏನು ಕುಡಿಸಿದರೂ ಅರಗದು, ಮೊದಲು ಬೆಚ್ಚಗಾಗಿಸಬೇಕು. ಹಸುವಿನ ಹಾಲು ಹಿಡಿಸದೆ ಭೇದಿಯಾಗುತ್ತದೆ. ರಭಸದಿಂದ ಹಿಂಡಿದ ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಹಿಡಿಯುತ್ತದೆ. ಕೇಂದ್ರಗಳಲ್ಲಿ ಮರಿಯನ್ನು ಕವುಚಿ ಹಿಡಿದು, ಸೂಜಿಯಿಲ್ಲದ ಸಣ್ಣ ಸಿರಿಂಜಿನ ತುದಿಯಿಂದ ಹನಿ ಹನಿಯಾಗಿ ನೆಕ್ಕಿಸುತ್ತಾರೆ. ಕುಡಿಸಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಸವರುತ್ತಾರೆ. ಕಣ್ಣು ಬಿಡದ ಮರಿ ತಾಯಿ ನೆಕ್ಕಿದರಷ್ಟೇ ಮೂತ್ರ ಮಾಡುತ್ತದೆ. ಆ ನೆಕ್ಕುವಿಕೆಯ ಕೆಲಸವನ್ನು ಹತ್ತಿ ಮಾಡಬೇಕು. ಇದನ್ನು ಕೆಲವು ಗಂಟೆಗಳಿಗೊಮ್ಮೆ, ರಾತ್ರಿಯೂ ಮಾಡುತ್ತಿರಬೇಕು.

ಕಬ್ಬಿನ ಕಟಾವಿನ ಕಾಲದಲ್ಲಿ ಮಂಡ್ಯ ಕಡೆಯ ಗದ್ದೆಗಳಲ್ಲೂ ಮಹಾರಾಷ್ಟ್ರದ ಜುನ್ನಾರ್ ಭಾಗದಲ್ಲೂ ಚಿರತೆಮರಿಗಳು ಸಿಗುತ್ತವೆ. ತಾಯಿ ಬೇಟೆಗೆ ಹೋಗಿರುತ್ತದೆ ಅಥವಾ ಕೂಲಿಕಾರರ ಗದ್ದಲಕ್ಕೆ ಹೆದರಿ ಪಕ್ಕದ ಗದ್ದೆಯಲ್ಲಿ ಅಡಗಿರುತ್ತದೆ. ಮರಿಗಳನ್ನು ಮೃಗಾಲಯಕ್ಕೆ ಸಾಗಿಸಿದರೆ ಅವು ಜೀವಮಾನವಿಡೀ ಸೆರೆಯಲ್ಲೇ. ಇತ್ತೀಚಿನ ವರ್ಷಗಳಲ್ಲಿ ಅರಣ್ಯ ಸಿಬ್ಬಂದಿ ಬೇರೆ ದಾರಿ ಹಿಡಿದಿದ್ದಾರೆ. ಮರಿಗಳ ಆರೋಗ್ಯ ನೋಡಿ, ಸಂಜೆಯಾಗುತ್ತಲೇ ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿ ಇಟ್ಟು, ಊರಿನವರನ್ನು ಹಿಂದೆ ಕಳಿಸಿ, ಕ್ಯಾಮೆರಾ ಕಟ್ಟಿ ಕಾಯುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಮೊದಲ ರಾತ್ರಿ ಬರದಿದ್ದರೆ ಮರುರಾತ್ರಿ ಮತ್ತೆ ಇಡಬೇಕು. ಪುನರ್ವಸತಿಯ ಇಡೀ ಕ್ಷೇತ್ರದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಒಳ್ಳೆಯ ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಗಾಳಿಪಟದ ದಾರ ಮತ್ತು ಹದ್ದು

ನಗರಗಳ ಹಕ್ಕಿ ಆಸ್ಪತ್ರೆಗಳಲ್ಲಿ ಹೆಚ್ಚು ಕಾಣುವ ರೋಗಿ ಹದ್ದು. ನೈಲಾನ್ ಎಳೆಗೆ ಗಾಜಿನ ಪುಡಿ ಮೆತ್ತಿದ ಮಾಂಜಾ ದಾರ ರೆಕ್ಕೆಯ ಮುಂಚೂಣಿಯ ತೆಳು ಚರ್ಮವನ್ನು ಕೊಯ್ದು ಸ್ನಾಯುರಜ್ಜುವಿನವರೆಗೂ ಇಳಿಯುತ್ತದೆ. ಹಕ್ಕಿ ಮರಕ್ಕೆ ಜೋತುಬಿದ್ದು ಒದ್ದಾಡಿದಷ್ಟೂ ಗಾಯ ಆಳವಾಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಈ ದಾರವನ್ನು ದೇಶಾದ್ಯಂತ ನಿಷೇಧಿಸಿತು. ಆದರೂ ಗಾಳಿಪಟದ ಕಾಲ ಬಂದರೆ ಅಂಗಡಿಗಳಲ್ಲಿ ಸಿಗುತ್ತದೆ, ಹಕ್ಕಿಗಳು ಬೀಳುತ್ತವೆ.

ದೆಹಲಿಯ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಸೋದರರು ಈ ಕೆಲಸಕ್ಕೆ ತಮ್ಮ ಬದುಕನ್ನೇ ಕೊಟ್ಟಿದ್ದಾರೆ. ಮಾಂಸಾಹಾರಿ ಹಕ್ಕಿಯೆಂಬ ಕಾರಣಕ್ಕೆ ಆಸ್ಪತ್ರೆಯೊಂದು ಹದ್ದನ್ನು ಸೇರಿಸಿಕೊಳ್ಳದಿದ್ದಾಗ ಅವರು ಮನೆಯಲ್ಲೇ ಶುಶ್ರೂಷೆ ಆರಂಭಿಸಿದರು. ಈ ಸೋದರರ ಬಗ್ಗೆ ಶೌನಕ್ ಸೇನ್ ಮಾಡಿದ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ 2022ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಬೆಂಗಳೂರಿನಲ್ಲಿ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಹದ್ದು, ಗೂಬೆ, ಹಾವು, ಕಾಡುಪಾಪಗಳೂ ಬರುತ್ತವೆ.

ಹೊಲಿಗೆ ಹಾಕಿದ ಗಾಯ ಮಾಯ್ದ ಮಾತ್ರಕ್ಕೆ ಹದ್ದು ಸಿದ್ಧವಾಗುವುದಿಲ್ಲ. ವಾರಗಟ್ಟಲೆ ಕಟ್ಟು ಹಾಕಿದ ರೆಕ್ಕೆಯ ಕೀಲು ಬಿಗಿದಿರುತ್ತದೆ. ಉದ್ದನೆಯ ಪಂಜರದಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಹಾರಿಸಿ, ತಿರುವು, ಇಳಿತಗಳನ್ನು ಗಮನಿಸಬೇಕು. ಹಾರಾಟದ ಗರಿ ಮುರಿದಿದ್ದರೆ ಹೊಸ ಗರಿ ಬರಲು ತಿಂಗಳುಗಳೇ ಬೇಕು. ಅಷ್ಟು ದಿನ ಹಕ್ಕಿಯನ್ನು ಕೂಡಿಡುವ ಬದಲು, ಮುರಿದ ಗರಿಯ ಬುಡದ ಟೊಳ್ಳಿಗೆ ಬಿದಿರಿನ ಸಣ್ಣ ಕಡ್ಡಿ ಸೇರಿಸಿ, ಉದುರಿದ ಹಳೆಯ ಗರಿಯೊಂದನ್ನು ಅದಕ್ಕೆ ಅಂಟಿಸುತ್ತಾರೆ. ಡೇಗೆ ಸಾಕುತ್ತಿದ್ದ ಹಳೆಯ ಬೇಟೆಗಾರರ ವಿದ್ಯೆ ಇದು. ಇಂದಿಗೂ ಇದಕ್ಕಿಂತ ಉತ್ತಮ ಉಪಾಯ ಬಂದಿಲ್ಲ.

ಶುಶ್ರೂಷೆಯ ಮನೆ ರೋಗಪತ್ತೆಯ ಮನೆಯೂ ಹೌದು. ಹರಿಯಾಣದ ಪಿಂಜೋರಿನಲ್ಲಿ 2001ರಲ್ಲಿ ರಣಹದ್ದುಗಳ ಆರೈಕೆ ಕೇಂದ್ರ ಆರಂಭವಾದಾಗ ಅವು ಏಕೆ ಸಾಯುತ್ತಿವೆ ಎಂಬುದೇ ತಿಳಿದಿರಲಿಲ್ಲ. ದನಗಳಿಗೆ ಕೊಡುವ ಡೈಕ್ಲೊಫೆನಾಕ್ ನೋವುನಿವಾರಕ ಅವುಗಳ ಮೂತ್ರಪಿಂಡ ಕೆಡಿಸುತ್ತದೆ ಎಂಬುದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಆರೈಕೆಗೆಂದು ಕಟ್ಟಿದ ಕೇಂದ್ರ ರಣಹದ್ದುಗಳ ವಂಶ ಉಳಿಸುವ ತಳಿ ಕೇಂದ್ರವಾಯಿತು.

ಕೊಕ್ಕರೆಬೆಳ್ಳೂರು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಪುನರ್ವಸತಿ ಕೇಂದ್ರವೆಂಬ ದೊಡ್ಡ ಕಟ್ಟಡವಿಲ್ಲ, ಊರೇ ಕೇಂದ್ರ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಈ ಹಕ್ಕಿಗಳನ್ನು ಕಾಣುತ್ತ ಬಂದಿದ್ದಾರೆ. ಹುಣಸೆ ಫಸಲು ಕೈತಪ್ಪಿದರೂ ಗೂಡಿರುವ ಮರವನ್ನು ಬಡಿಯುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಿದೆ.

ಗೂಡು ಒತ್ತೊತ್ತಾಗಿರುವುದರಿಂದ ಗಾಳಿ ಬೀಸಿದಾಗ, ಮರಿಗಳು ತುತ್ತಿಗೆ ಕಿತ್ತಾಡಿದಾಗ ಕೆಳಗೆ ಬೀಳುವುದು ಸಾಮಾನ್ಯ. ಹೀಗೆ ಬಿದ್ದ ಹೆಜ್ಜಾರ್ಲೆ ಮರಿ ತಾನಾಗಿ ಮೇಲೇರಲಾರದು, ತಾಯಿ ನೆಲಕ್ಕಿಳಿದು ಉಣಿಸುವುದೂ ಇಲ್ಲ. ಊರಿನ ಯುವಕರು ಮೈಸೂರಿನ ಪಕ್ಷಿಪ್ರಿಯರ ನೆರವಿನಿಂದ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡು, ಬಿದ್ದ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಂದು ಹಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. ಒಂದೇ ಆವರಣದಲ್ಲಿ ಹಲವು ಮರಿಗಳು ಒಟ್ಟಿಗೆ ಬೆಳೆಯುತ್ತವೆ, ತಲೆಯ ಮೇಲೆ ಅವುಗಳದೇ ಹಿಂಡು ಹಾರಾಡುತ್ತಿರುತ್ತದೆ. ಅದರಿಂದ ತಾವು ಯಾರೆಂಬುದನ್ನು ಅವು ಮರೆಯುವುದಿಲ್ಲ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಕೋಟಿಗಳ ವೆಚ್ಚದ ಕೇಂದ್ರಗಳನ್ನು ಯೋಜಿಸುವ ಮುನ್ನ ಈ ಊರನ್ನು ನೋಡಿ ಬರುವುದು ಒಳ್ಳೆಯದು.

ದೊಡ್ಡ ಪ್ರಾಣಿಗಳು

ಆನೆಯ ಚಿಕಿತ್ಸೆಯಲ್ಲಿ ಅದರ ತೂಕವೇ ಶತ್ರು. 2016ರಲ್ಲಿ ಮಂಚನಬೆಲೆ ಜಲಾಶಯದ ಬಳಿ ಕಾಲಿಗೆ ತೀವ್ರ ಪೆಟ್ಟಾಗಿ ನರಳಿದ ‘ಸಿದ್ದ’ ಎಂಬ ಸಲಗನನ್ನು ಕನ್ನಡಿಗರು ಮರೆತಿಲ್ಲ. ನಿಂತರೆ ಒಂದು ಕಾಲಿನ ಭಾರ ಇನ್ನೊಂದರ ಮೇಲೆ. ಮಲಗಿದರೆ ಸ್ವಂತ ದೇಹವೇ ಶ್ವಾಸಕೋಶವನ್ನು ಅದುಮುತ್ತದೆ, ಮಗ್ಗುಲು ಹುಣ್ಣಾಗುತ್ತದೆ. ಆಸರೆಗೆಂದು ಸೇನೆಯ ಎಂಜಿನಿಯರುಗಳು ಉಕ್ಕಿನ ಚೌಕಟ್ಟು ಕಟ್ಟಿದರು. ಸುತ್ತಲಿನ ಹಳ್ಳಿಯವರು ಮೇವು, ಹಣ್ಣು ತಂದರು. ಆ ವರ್ಷದ ಡಿಸೆಂಬರಿನಲ್ಲಿ ಸಿದ್ದ ತೀರಿಕೊಂಡ. ಕಾಡಾನೆಯ ಕಾಲುಮುರಿತಕ್ಕೆ ಇಂದಿಗೂ ನೆಚ್ಚಬಹುದಾದ ಚಿಕಿತ್ಸೆಯಿಲ್ಲ.

ಆನೆಮರಿಗಳ ಪಾಡು ಬೇರೆ. ಮೊದಲ ಆಯ್ಕೆ ಯಾವಾಗಲೂ ಹಿಂಡಿಗೆ ಸೇರಿಸುವುದೇ. ಅದು ಸಾಧ್ಯವಾಗದಿದ್ದರೆ ಶಿಬಿರ. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈನ ತೆಪ್ಪಕಾಡು ಶಿಬಿರದಲ್ಲಿ ಬೊಮ್ಮನ್–ಬೆಳ್ಳಿ ದಂಪತಿ ಸಾಕಿದ ರಘು ಎಂಬ ಮರಿಯ ಕಥೆ ಹೇಳುವ ‘ದಿ ಎಲಿಫೆಂಟ್ ವಿಸ್ಪರರ್ಸ್’ಗೆ 2023ರಲ್ಲಿ ಆಸ್ಕರ್ ಬಂತು. ರಘುವಿನ ತಾಯಿ ವಿದ್ಯುತ್ ತಗುಲಿ ಸತ್ತಿತ್ತು. ಮರಿ ಬದುಕಿತು, ಆದರೆ ಕಾಡಿಗೆ ಮರಳದೆ ಶಿಬಿರದ ಆನೆಯಾಯಿತು. ಅಷ್ಟು ಪ್ರೀತಿ ಕಂಡ ಮೇಲೂ ಈ ವ್ಯತ್ಯಾಸವನ್ನು ನೆನಪಿಡಬೇಕು.

ಅಸ್ಸಾಮಿನ ಕಾಜಿರಂಗದ ಅಂಚಿನಲ್ಲಿ 2002ರಲ್ಲಿ ಆರಂಭವಾದ ವನ್ಯಜೀವಿ ಪುನರ್ವಸತಿ ಕೇಂದ್ರ ಮರಳಿ ಬಿಡುವುದನ್ನೇ ಗುರಿಯಾಗಿಟ್ಟುಕೊಂಡಿತು. ಬ್ರಹ್ಮಪುತ್ರದ ನೆರೆಯಲ್ಲಿ ತಾಯಿಯಿಂದ ಬೇರ್ಪಟ್ಟ ಘೇಂಡಾಮೃಗದ ಮರಿಗಳನ್ನು ಬಾಟಲಿ ಹಾಲಿನಲ್ಲಿ ಬೆಳೆಸಿ, 2006ರಿಂದ ಮಾನಸ್ ರಾಷ್ಟ್ರೀಯ ಉದ್ಯಾನಕ್ಕೆ ಸಾಗಿಸಿತು. ಹಿಂಸಾಚಾರದ ವರ್ಷಗಳಲ್ಲಿ ಮಾನಸ್ ತನ್ನ ಘೇಂಡಾಗಳನ್ನೆಲ್ಲ ಕಳೆದುಕೊಂಡಿತ್ತು. ಮರಿಗಳನ್ನು ಅಲ್ಲಿ ಮೊದಲು ಬೇಲಿ ಹಾಕಿದ ಕಾಡಿನಲ್ಲಿ ಇರಿಸಿ, ಆಮೇಲೆ ರೇಡಿಯೊ ಕಾಲರ್ ತೊಡಿಸಿ ಬಿಟ್ಟರು. ನೆರೆಯಲ್ಲಿ ಸಿಕ್ಕ ಹೆಣ್ಣುಮರಿಗಳು ಅಲ್ಲಿ ತಾಯಂದಿರಾದವು.

ಹುಲಿಮರಿಗಳಿಗೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಕಟ್ಟುನಿಟ್ಟಾದ ನಿಯಮವಿದೆ. ಕಾಡಿನೊಳಗಿನ ಆವರಣದಲ್ಲಿ ಕನಿಷ್ಠ ಎರಡು ವರ್ಷ ಬೆಳೆದು, ಕನಿಷ್ಠ 50 ಬೇಟೆ ಆಡಿದ ಮೇಲೆಯೇ ಬಿಡಬೇಕು. ಮಧ್ಯಪ್ರದೇಶದ ಕಾನ್ಹಾದಲ್ಲಿ ತಾಯಿ ಕಳೆದುಕೊಂಡ ಇಬ್ಬರು ಸೋದರಿಯರನ್ನು ಹೀಗೆ ಆವರಣದಲ್ಲಿ ಬೆಳೆಸಿ 2011ರಲ್ಲಿ, ಹುಲಿಯೇ ಇಲ್ಲದಂತಾಗಿದ್ದ ಪನ್ನಾಕ್ಕೆ ಬಿಟ್ಟರು. ಅವು ಬೇಟೆಯಾಡಿದವು, ಮರಿ ಹಾಕಿದವು.

ಎಲ್ಲಿ ಬಿಡಬೇಕು?

ಹಿಡಿದ ಪ್ರಾಣಿಯನ್ನು ‘ದಟ್ಟ ಕಾಡಿಗೆ’ ಬಿಟ್ಟರೆ ಒಳಿತಾಯಿತೆಂದು ಜನ ತಿಳಿಯುತ್ತಾರೆ. ಜುನ್ನಾರಿನ ಅನುಭವ ಬೇರೆಯೇ ಹೇಳುತ್ತದೆ. ಅಲ್ಲಿ ಹಿಡಿದ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಬೇರೆಡೆ ಬಿಡಲು ಆರಂಭಿಸುವ ಮುನ್ನ ವರ್ಷಕ್ಕೆ ಸರಾಸರಿ 4 ಜನರ ಮೇಲೆ ದಾಳಿಯಾಗುತ್ತಿತ್ತು. 2001–2003ರ ಅವಧಿಯಲ್ಲಿ ಅದು 17ಕ್ಕೆ ಏರಿತು. ವಿದ್ಯಾ ಆತ್ರೇಯ ಮತ್ತು ಸಹೋದ್ಯೋಗಿಗಳ ಈ ಅಧ್ಯಯನ ಚಿರತೆ ನಿರ್ವಹಣೆಯ ದಿಕ್ಕನ್ನೇ ಬದಲಿಸಿತು. ಗೊತ್ತಿಲ್ಲದ ನೆಲದಲ್ಲಿ ಇಳಿದ ಚಿರತೆಗೆ ನೀರೆಲ್ಲಿ, ಅಡಗುವ ಜಾಗವೆಲ್ಲಿ ತಿಳಿಯದು, ಅಲ್ಲಿನ ಚಿರತೆಗಳು ಇರಗೊಡವು. ಅದು ಮನೆಯತ್ತ ಹೊರಡುತ್ತದೆ, ದಾರಿಯಲ್ಲಿ ಊರುಗಳು ಸಿಗುತ್ತವೆ.

ಕಾಳಿಂಗ ಸರ್ಪಕ್ಕೂ ಈ ಮಾತು ಸಲ್ಲುತ್ತದೆ. ರೋಮ್ಯುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ರೇಡಿಯೊ ಸಾಧನ ಅಳವಡಿಸಿ ಹಾವುಗಳ ಜಾಡು ಹಿಡಿಯಿತು. ದೂರ ಒಯ್ದು ಬಿಟ್ಟ ಹಾವು ನೆಲೆ ನಿಲ್ಲದೆ ಬಹುದೂರ ಅಲೆದದ್ದು ಅದರಿಂದ ತಿಳಿಯಿತು. ಕೊಟ್ಟಿಗೆಗೆ ಬಂದ ಕಾಳಿಂಗವನ್ನು ತಕ್ಷಣ ಹಿಡಿಯುವ ಬದಲು, ತಾನಾಗಿ ಹೋಗಲು ಬಿಡಿ ಎಂದು ಮನೆಯವರಿಗೆ ತಿಳಿಹೇಳುವುದು, ಹಿಡಿಯಲೇಬೇಕಾದರೆ ಹತ್ತಿರದ ಕಾಡಿನಲ್ಲೇ ಬಿಡುವುದು ಇಂದು ಸರಿಯಾದ ಕ್ರಮವೆನಿಸಿದೆ. ಹಾವು ಹಿಡಿದು ಜನರೆದುರು ಆಡಿಸುವ, ವಿಡಿಯೊ ಮಾಡುವ ಚಾಳಿಗೂ ರಕ್ಷಣೆಗೂ ಏನೂ ಸಂಬಂಧವಿಲ್ಲ.

ಸಾಕಲು ಮಾರಾಟವಾಗುವ ನಕ್ಷತ್ರ ಆಮೆಗಳಲ್ಲಿ ಇನ್ನೊಂದು ತೊಡಕಿದೆ. ದಕ್ಷಿಣ ಭಾರತದ್ದೂ ವಾಯವ್ಯ ಭಾರತದ್ದೂ ತಳಿಗುಣದಲ್ಲಿ ಬೇರೆ ಬೇರೆ. ಜಪ್ತಿಯಾದ ಮೂಟೆಯಲ್ಲಿ ಯಾವುದು ಎಲ್ಲಿಯದೆಂದು ತಿಳಿಯದೆ ಬಿಟ್ಟರೆ ತಳಿ ಕಲಬೆರಕೆಯಾಗುತ್ತದೆ, ಕಾಯಿಲೆಯೂ ಹರಡಬಹುದು. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿದವು; ಅವನ್ನೂ ನೇರವಾಗಿ ಕಾಡಿಗೆ ಸುರಿಯದೆ ನಿಗಾದಲ್ಲಿ ಇರಿಸಿ ಒಗ್ಗಿಸಬೇಕಾಯಿತು.

ಮರಳಲಾಗದವು

ಹಲ್ಲು ಕಿತ್ತು, ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸಿದ ಕರಡಿ ಕಾಡಿನಲ್ಲಿ ಬದುಕಲಾರದು. ಕರಡಿ ಕುಣಿಸಿ ಬದುಕುತ್ತಿದ್ದ ಖಲಂದರರಿಗೆ ಬೇರೆ ಜೀವನೋಪಾಯ ಕಲ್ಪಿಸಿ, ಅವರ ಕರಡಿಗಳನ್ನು ಆಗ್ರಾ, ಬನ್ನೇರುಘಟ್ಟ ಮುಂತಾದ ಕೇಂದ್ರಗಳಿಗೆ ಸೇರಿಸುವ ಕೆಲಸ ನಡೆಯಿತು. 2009ರಲ್ಲಿ ಬನ್ನೇರುಘಟ್ಟಕ್ಕೆ ಬಂದ ‘ರಾಜು’ವನ್ನು ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾಗಿದೆ. ಮನುಷ್ಯರ ಮೇಲೆರಗಿದ, ಅಂಗ ಊನವಾದ ಹುಲಿ-ಚಿರತೆಗಳಿಗೆ ಮೈಸೂರು ಮೃಗಾಲಯದ ಕೂರ್ಗಳ್ಳಿ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ಜಾಗ ಮಿತ. ಬಿಡಬಹುದಾದ ಪ್ರಾಣಿಯನ್ನು ಬಿಡದೆ ಇಟ್ಟುಕೊಂಡರೆ, ನಿಜವಾಗಿ ಆಸರೆ ಬೇಕಾದದ್ದಕ್ಕೆ ಜಾಗವಿಲ್ಲದಂತಾಗುತ್ತದೆ.

ಸಾರ್ವಜನಿಕರಿಗೆ

ಗಾಯಗೊಂಡ ಹಕ್ಕಿ ಅಥವಾ ಸಣ್ಣ ಪ್ರಾಣಿ ಸಿಕ್ಕರೆ ಬಟ್ಟೆ ಹೊದಿಸಿ ಎತ್ತಿ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲಿರುವ, ಸದ್ದಿಲ್ಲದ ಜಾಗದಲ್ಲಿ ಇರಿಸಿ. ನೀರು, ಹಾಲು, ಅನ್ನ ಬಾಯಿಗೆ ಹಾಕಬೇಡಿ. ಬಾವಲಿ, ಮಂಗ, ನರಿ, ಮುಂಗುಸಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಮಲೆನಾಡಿನಲ್ಲಿ ಸತ್ತ ಅಥವಾ ತೂಕಡಿಸುವ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಅದರ ಮೈಮೇಲಿನ ಉಣ್ಣೆಗಳಿಂದ ಹರಡುತ್ತದೆ. ಚಿರತೆ, ಕರಡಿ, ಆನೆಯಾದರೆ ನಿಮ್ಮ ಕೆಲಸ ಜನರನ್ನು ದೂರ ಇಡುವುದಷ್ಟೇ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಪ್ರಾಣಿ ಸಿಕ್ಕ ಜಾಗವನ್ನು ಖಚಿತವಾಗಿ ಹೇಳಿ: ಗುಣವಾದ ಮೇಲೆ ಅದನ್ನು ಬಿಡಬೇಕಾದದ್ದೂ ಅಲ್ಲಿಗೇ.